ಗಿಡದ ಜೊತೆ ಅದರ ಸರಿಯಾದ ಹೆಸರನ್ನೂ ಕೊಡಿ: ಅವಳಿ ನಗರದ ನರ್ಸರಿ ಮಾಲೀಕರಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ ಎಲ್ಲ ನರ್ಸರಿ ಮಾಲೀಕರಿಗೆ, ರಸ್ತೆ ಬದಿ ಗಿಡ ಮಾರುವ ಅಣ್ಣ-ಅಕ್ಕಂದಿರಿಗೆ,

ನಮಸ್ಕಾರ.

ನಾನು ನಿಮ್ಮ ಹಳೆಯ ಗಿರಾಕಿ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ದಿನಾ ಬಸ್ಸಿನ ಕಿಟಕಿಯಿಂದ ನಿಮ್ಮ ಅಂಗಡಿಗಳನ್ನು ನೋಡುತ್ತಾ ಹೋಗುವವನು, ಪಗಾರ ಆದ ವಾರ ಮಾತ್ರ ಇಳಿದು ಒಳಗೆ ಬರುವವನು. ಮಳೆಗಾಲ ಶುರುವಾದರೆ ಮನೆಯಲ್ಲಿ ಎಷ್ಟು ಬೈದರೂ ಎರಡು ಕುಂಡ ತರದೆ ಇರಲಾರೆ. ಇವತ್ತು ಗಿಡ ಕೇಳಲು ಬರೆಯುತ್ತಿಲ್ಲ. ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳಬೇಕು, ಆಮೇಲೆ ನಿಮ್ಮನ್ನು ಕೆಲವು ಮಾತು ಕೇಳಬೇಕು. ಯಾರ ಅಂಗಡಿ ಅಂತ ಹೆಸರು ಹಾಕುವುದಿಲ್ಲ. ಹಾಕಿದರೆ ಉಳಿದವರೆಲ್ಲ 'ಇದು ನಮಗಲ್ಲ ಬಿಡು' ಅಂತ ಓದದೆ ಬಿಟ್ಟುಬಿಡುತ್ತೀರಿ.

ನಮ್ಮ ಮನೆಯಲ್ಲಿ ಮೋತಿ ಅಂತ ಒಂದು ನಾಯಿ ಇತ್ತು. ಜಾತಿ ನಾಯಿ ಅಲ್ಲ. ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದಾಗ ಮಗಳು ಎತ್ತಿಕೊಂಡು ಬಂದ ಮರಿ. ಎಂಟು ತಿಂಗಳಾಗಿತ್ತು. ಆ ವಯಸ್ಸಿನ ನಾಯಿ ಹೇಗಿರುತ್ತದೆ ಅಂತ ಸಾಕಿದವರಿಗೆ ಗೊತ್ತು: ಚಪ್ಪಲಿ, ಕಸಬರಿಗೆ, ಪೇಪರು, ಗ್ಯಾಸಿನ ಪೈಪು, ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ. ಒಂದು ಶನಿವಾರ ಸಂಜೆ ಮನೆಗೆ ಬಂದರೆ ಗೇಟಿನ ಪಕ್ಕದ ಕುಂಡ ಉರುಳಿ ಬಿದ್ದಿದೆ, ಮಣ್ಣೆಲ್ಲ ಅಂಗಳದ ತುಂಬ. ನಿಮ್ಮಲ್ಲೊಬ್ಬರಿಂದ 650 ರೂಪಾಯಿ ಕೊಟ್ಟು ತಂದ ಗಿಡ. ಮನೆ ವಾಸ್ತುಶಾಂತಿಗೆ ಅಂತ ತಂದದ್ದು. ಅದರ ಬುಡದ ಗಡ್ಡೆ ಸಣ್ಣ ತೆಂಗಿನಕಾಯಿಯಷ್ಟಿತ್ತು. ಅದನ್ನು ಒಂದು ಕಡೆಯಿಂದ ಕಡಿದು ಬಿಟ್ಟಿತ್ತು. ಒಳಗೆ ಬೆಳ್ಳಗೆ, ಹಸಿ ಗೆಣಸು ಮುರಿದ ಹಾಗೆ. ಅದರ ಮೇಲೆ ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು. ನಾನು ಬೈದೆ, ಗಡ್ಡೆ ಮತ್ತೆ ಕುಂಡಕ್ಕೆ ತುರುಕಿದೆ, ಅಂಗಳ ಗುಡಿಸಿದೆ. ಅಷ್ಟೇ. ಗಿಡ ಹಾಳಾಯಿತಲ್ಲ ಅಂತ ಬೇಜಾರಾಗಿತ್ತು, ನಾಯಿ ಬಗ್ಗೆ ಯೋಚನೆಯೇ ಬರಲಿಲ್ಲ.

ರಾತ್ರಿ ಮೂರು ಸಲ ವಾಂತಿ ಮಾಡಿತು. ಭಾನುವಾರ ಮೊಸರನ್ನ ಇಟ್ಟರೆ ಮೂಸಿ ನೋಡಿ ಹೋಗಿ ಮೂಲೆಯಲ್ಲಿ ಮಲಗಿತು. ಪಕ್ಕದ ಮನೆಯ ಕಾಕಾ, "ಅಲ್ರೀ, ನಾಯಿ ಅಂದ್ಮ್ಯಾಲ ವಾಂತಿ ಮಾಡ್ತಾವ, ಹುಲ್ಲು ತಿಂದು ತಾವ ಸುಧಾರಿಸ್ಕೋತಾವ" ಅಂದರು. ಇನ್ನೊಬ್ಬರು ಉಪ್ಪಿನ ನೀರು ಕುಡಿಸಿ ಅಂದರು. ಪುಣ್ಯಕ್ಕೆ ಕುಡಿಸಲಿಲ್ಲ. ಅದರಿಂದ ನಾಯಿಗೆ ಇನ್ನೂ ಅಪಾಯ ಅಂತ ಆಮೇಲೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಏನ್ ತಿಂದೈತ್ರಿ?"

"ಪಾಮ್ ಗಿಡಾ ಕಡದೈತ್ರಿ ಡಾಕ್ಟರ್ರ."

"ಪಾಮ್ ಏನೂ ಮಾಡಂಗಿಲ್ಲ ಬಿಡ್ರಿ, ಹೊಟ್ಟಿ ಕೆಟ್ಟಿರಬೇಕು."

ಸಲೈನ್ ಹಾಕಿದರು, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು. ಡಾಕ್ಟರದು ಏನೂ ತಪ್ಪಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮನೆಗಳಲ್ಲಿ ಇಡುವ ಅರೆಕಾ ಪಾಮ್ ನಾಯಿ ಕಡಿದರೂ ಏನೂ ಆಗುವುದಿಲ್ಲ, ಅವರು ಹೇಳಿದ್ದು ಸರಿಯಾಗೇ ಇತ್ತು. ನಾನು ಪಾಮ್ ಅಂದೆ, ಅವರು ಪಾಮ್‌ಗೆ ಉತ್ತರ ಹೇಳಿದರು. ನಾನು ಯಾಕೆ ಪಾಮ್ ಅಂದೆ? ಬಿಲ್ಲಿನಲ್ಲಿ ಹಾಗೆ ಬರೆದಿತ್ತು. 'ಪಾಮ್ - 1.' ಆ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ.

ಮಂಗಳವಾರ ಮೋತಿಯ ಒಸಡು ಹಳದಿಯಾಗಿತ್ತು. ಕಿವಿ ಮಡಚಿ ನೋಡಿದರೆ ಒಳಗೂ ಅರಿಶಿನ ಸವರಿದ ಹಾಗೆ. ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಆಗ ನನಗೆ ಯಾಕೋ ಅನುಮಾನ ಬಂದು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪರಿಚಯದವರೊಬ್ಬರಿಗೆ ಗಿಡದ ಫೋಟೋ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: "ಇದು ಪಾಮ್ ಅಲ್ಲ. ಸೈಕಸ್. ಯಾಕೆ ಕೇಳಿದಿರಿ?" ಡಾಕ್ಟರಿಗೆ ಫೋನ್ ಮಾಡಿ ಹೆಸರು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಶನಿವಾರನ ಈ ಹೆಸರು ಹೇಳಿದ್ರ..." ಅಂದು ಅಲ್ಲಿಗೇ ಬಿಟ್ಟರು. ಗುರುವಾರ ನಸುಕಿನಲ್ಲಿ ಮೋತಿ ಹೋಯಿತು. ಮುಂಗಾಲಿನಲ್ಲಿ ಸೂಜಿ ಚುಚ್ಚಲು ಕೂದಲು ಬೋಳಿಸಿದ ಜಾಗವನ್ನು ಮಗಳು ಕೈಯಿಂದ ಸವರುತ್ತಾ ಕೂತಿದ್ದಳು. ಅದರ ಬಗ್ಗೆ ಇನ್ನು ಜಾಸ್ತಿ ಬರೆಯುವುದಿಲ್ಲ.

ಈ ಸೈಕಸ್ ಬಗ್ಗೆ ಆಮೇಲೆ ಓದಿಕೊಂಡೆ. ಇಂಗ್ಲಿಷಿನಲ್ಲಿ ಇದಕ್ಕೆ ಸಾಗೋ ಪಾಮ್ ಅಂತಾರೆ, ಅಲ್ಲಿಂದಲೇ ಈ 'ಪಾಮ್' ಅನ್ನುವ ಹೆಸರು ಅಂಟಿಕೊಂಡಿದ್ದು. ತೆಂಗು, ಈಚಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೂಲ ದಕ್ಷಿಣ ಜಪಾನ್. ಸೈಕಾಸಿನ್ ಅನ್ನುವ ವಿಷ ಗಿಡದ ಎಲ್ಲ ಭಾಗದಲ್ಲೂ ಇರುತ್ತದೆ, ಬೀಜದಲ್ಲಿ ಎಲ್ಲಕ್ಕಿಂತ ಜಾಸ್ತಿ. ಒಂದೆರಡು ಬೀಜ ತಿಂದರೂ ನಾಯಿ ಸಾಯಬಹುದು. ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳೇ ಅದನ್ನು ಇನ್ನೂ ಕೆಟ್ಟ ವಿಷವಾಗಿ ಬದಲಾಯಿಸುತ್ತವೆ, ಅದು ಲಿವರ್ ಹಾಳು ಮಾಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ತಿಂದ ಕೂಡಲೇ ಕರೆದುಕೊಂಡು ಹೋದರೆ ಡಾಕ್ಟರು ವಾಂತಿ ಮಾಡಿಸಿ, ಇದ್ದಿಲಿನ ಔಷಧ ಕೊಟ್ಟು ಉಳಿಸಲು ನೋಡಬಹುದು. ತಡವಾದಷ್ಟೂ ಆಸೆ ಕಡಿಮೆ. ನಮಗೆ ಸಿಕ್ಕ ಆ ಮೊದಲ ಕೆಲವು ಗಂಟೆಗಳು, ನಾನು ಅಂಗಳ ಗುಡಿಸಿದ ಹೊತ್ತು, ಹೆಸರು ಗೊತ್ತಿಲ್ಲದೆ ಹೋದವು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಹತ್ತು ದಿನ ಬಿಟ್ಟು ಅದೇ ನರ್ಸರಿಗೆ ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದು. ಮಾಲೀಕರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು, ಎಲ್ಲ ಕೇಳಿಸಿಕೊಂಡರು. "ಸರ್, ದೇವರ ಆಣಿ, ನಂಗ ಗೊತ್ತಿರಲಿಲ್ರಿ. ಆಂಧ್ರದಿಂದ ಲಾರಿ ಬರ್ತದ, ಇಳಿಸ್ಕೋತೀವಿ, ಮಾರ್ತೀವಿ. ಅವರು ಏನ್ ಹೆಸರು ಹೇಳ್ತಾರ, ನಾವೂ ಅದನ್ನ ಹೇಳ್ತೀವಿ" ಅಂದರು. ಗೋದಾವರಿ ಪಕ್ಕದ ಕಡಿಯಂನಿಂದ ದೇಶಕ್ಕೆಲ್ಲ ಗಿಡ ಹೋಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವರು ಮಾತಾಡುತ್ತಿದ್ದಾಗ ಅವರ ಮಗಳು, ಮೂರು ವರ್ಷ ಇರಬಹುದು, ಸೈಕಸ್ ಕುಂಡಗಳ ಸಾಲಿನ ನಡುವೆ ಕೂತು ಮಣ್ಣಾಡುತ್ತಿದ್ದಳು. ನಾನು ಅತ್ತ ನೋಡಿದೆ. ಅವರೂ ನೋಡಿದರು. ಚಹಾ ಅಲ್ಲೇ ಇಟ್ಟು ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ಜಗಳ ಮಾಡುವ ಮನಸ್ಸು ನನಗೂ ಉಳಿಯಲಿಲ್ಲ.

ಅವರ ಮಾತನ್ನು ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ನಮ್ಮ ಕಡೆಯವರಿಗೆ ವಿಷದ ಗಿಡ ಗೊತ್ತಿಲ್ಲ ಅಂತಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಹೊಲಕ್ಕೆ ದನ ಬಿಡಬಾರದು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಅದರಲ್ಲಿ ಸೈನೈಡ್ ಹುಟ್ಟುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಆದರೆ ದನ ಸಾಯುತ್ತದೆ ಅಂತ ಗೊತ್ತಿತ್ತು. ಶನಿವಾರ ಮಾರುತಿಗೆ ಎಕ್ಕೆ ಎಲೆ ಹಾರ ಹಾಕುತ್ತೇವೆ, ಅದೇ ಎಕ್ಕೆ ಹಾಲು ಕಣ್ಣಿಗೆ ಬೀಳಬಾರದು ಅಂತ ಮಕ್ಕಳಿಗೂ ಹೇಳುತ್ತೇವೆ. ಮದ್ದುಗುಣಿಕೆ ಕಾಯಿ ಮುಟ್ಟಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದಳು. ಕೆಸುವಿನ ಎಲೆಗೆ ಹುಣಸೆಹುಳಿ ಹಾಕದೆ ಯಾರೂ ಅಡುಗೆ ಮಾಡಲ್ಲ, ಗಂಟಲು ತುರಿಸುತ್ತದೆ ಅಂತ. ಸೈಕಸ್‌ನ ದಾಯಾದಿ ಗಿಡ ಪಶ್ಚಿಮ ಘಟ್ಟದ ಕಾಡಿನಲ್ಲೂ ಇದೆ. ಕೇರಳದ ಕಡೆ ಅದರ ಬೀಜವನ್ನು ಒಣಗಿಸಿ, ನೆನೆಹಾಕಿ, ನೀರು ಮತ್ತೆ ಮತ್ತೆ ಚೆಲ್ಲಿದ ಮೇಲೆಯೇ ಹಿಟ್ಟು ಮಾಡುತ್ತಾರೆ. ಹಿತ್ತಲಲ್ಲಿ, ಕಾಡಲ್ಲಿ ತಾನಾಗೇ ಬೆಳೆದ ಗಿಡದ ಗುಣ ಹೇಳಲು ಒಬ್ಬ ಅಜ್ಜಿ ಇರುತ್ತಿದ್ದಳು. ಲಾರಿಯಲ್ಲಿ ಬಂದ ಗಿಡಕ್ಕೆ ಅಜ್ಜಿ ಎಲ್ಲಿಂದ ಬರಬೇಕು? ಆ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ. ನೀವು ಕೇಳಿ ತೆಗೆದುಕೊಂಡದ್ದಲ್ಲ, ಒಪ್ಪುತ್ತೇನೆ. ಆದರೆ ಗಿಡ ನಮ್ಮ ಕೈಗೆ ಬರುವ ಮೊದಲು ಕೊನೆಯದಾಗಿ ನೋಡುವವರು ನೀವೇ.

ಹೆಸರಿನ ಗೊಂದಲ ಸೈಕಸ್‌ಗೆ ಮಾತ್ರ ಅಲ್ಲ. ಲಿಲ್ಲಿ ತೆಗೆದುಕೊಳ್ಳಿ. ನಿಮ್ಮಲ್ಲಿ ಪೀಸ್ ಲಿಲ್ಲಿ ಇದೆ, ಮಳೆ ಬಂದರೆ ಅರಳುವ ರೈನ್ ಲಿಲ್ಲಿ ಇದೆ, ಡೇ ಲಿಲ್ಲಿ ಇದೆ, ಇನ್ನು ಮದುವೆ ರಿಸೆಪ್ಷನ್ನಿನ ಬೊಕೆಯಲ್ಲಿ ಬರುವ ದೊಡ್ಡ ಪರಿಮಳದ ಲಿಲ್ಲಿ. ಎಲ್ಲವನ್ನೂ ಲಿಲ್ಲಿ ಅಂತೀರಿ. ಪೀಸ್ ಲಿಲ್ಲಿ ಕಡಿದರೆ ಬೆಕ್ಕಿನ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ಆದರೆ ಬೊಕೆಯ ಲಿಲ್ಲಿ ಮತ್ತು ಡೇ ಲಿಲ್ಲಿ ಬೆಕ್ಕಿನ ಕಿಡ್ನಿಯನ್ನೇ ಹಾಳು ಮಾಡುತ್ತವೆ, ಒಂದರಿಂದ ಮೂರು ದಿನದೊಳಗೆ. ಎಲೆ ತಿನ್ನಲೇಬೇಕು ಅಂತಿಲ್ಲ. ಮೈಗೆ ಅಂಟಿದ ಪರಾಗ ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಸಾಕು. ಬೆಕ್ಕು ಇರುವ ಮನೆಗೆ ಆ ಬೊಕೆ ಕೊಡುವವರಿಗೆ ಇದು ಗೊತ್ತಿರುತ್ತದಾ? ಹೂವಿನ ಅಂಗಡಿಯವರಿಗಾದರೂ?

ಕಣಗಿಲೆ ಕಥೆ ಇನ್ನೊಂದು ತರ. ನಮ್ಮ ಕಡೆ ಕಣಗಲ ಅಂತಾರೆ, ದೇವರಿಗೆ ಏರಿಸುತ್ತೇವೆ, ಹೆದ್ದಾರಿ ನಡುವೆಯೂ ಅದೇ ಗಿಡ ಕಾಣುತ್ತದೆ, ನೀರು ಜಾಸ್ತಿ ಬೇಡ, ದನ ಮುಟ್ಟಲ್ಲ ಅಂತ. ಹಸಿರಿದ್ದಾಗ ಕಹಿ, ಮುಟ್ಟಲ್ಲ ಅನ್ನೋದು ಬಹುಮಟ್ಟಿಗೆ ನಿಜ. ಕತ್ತರಿಸಿ ಒಣಗಿದ ಮೇಲೆ ಕಹಿ ಕಡಿಮೆಯಾಗುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಹಿಡಿಯಷ್ಟು ಎಲೆ ಸಾಕು, ದೊಡ್ಡ ಆಕಳಿನ ಹೃದಯ ನಿಲ್ಲಲು. ಕೇರಳದಲ್ಲಿ 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಕ್ಕೆ ಅರಳಿ ಹೂ ಬಳಸುವುದನ್ನು ನಿಲ್ಲಿಸಿದವು. ನಮ್ಮ ಅರಳಿ ಮರ ಅಂದುಕೊಳ್ಳಬೇಡಿ, ಮಲಯಾಳದಲ್ಲಿ ಅರಳಿ ಅಂದರೆ ಕಣಗಿಲೆ. ನೋಡಿ, ಹೆಸರು ಎಲ್ಲೆಲ್ಲಿ ಕಾಲಿಗೆ ತೊಡಕುತ್ತದೆ ಅಂತ. ಹಳದಿ ಕಣಗಿಲೆಯೂ ಅಷ್ಟೇ ವಿಷ. ನೀವು ಬೋನ್ಸಾಯ್ ಮಾಡಿ ಸಾವಿರಾರು ರೂಪಾಯಿಗೆ ಮಾರುವ ಅಡೇನಿಯಂ ಕೂಡ ಇದೇ ವಂಶದ್ದು. ಆಫ್ರಿಕಾದಲ್ಲಿ ಅದರ ರಸವನ್ನು ಬಾಣದ ತುದಿಗೆ ಸವರಿ ಬೇಟೆ ಆಡುತ್ತಿದ್ದರು.

ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಸಿಂಗೋನಿಯಂ, ಫಿಲೋಡೆಂಡ್ರಾನ್ ಬಗ್ಗೆ ನಾನು ಅಷ್ಟು ಹೆದರಿಸುವುದಿಲ್ಲ. ಅವೆಲ್ಲ ನಮ್ಮ ಕೆಸುವಿನ ಬಳಗ. ಅದೇ ಸೂಜಿಯಂಥ ಹರಳು, ಅದೇ ತುರಿಕೆ. ಬಾಯಿ ಊದಿ ಒದ್ದಾಡುತ್ತವೆ, ಸಾಯುವುದು ಅಪರೂಪ.

ಗಿಡದ ಜೊತೆ ನೀವು ಕೊಡುವ ಗೊಬ್ಬರದ ಬಗ್ಗೆಯೂ ಒಂದು ಮಾತು. ಔಡಲ ಹಿಂಡಿ 'ಸಾವಯವ, ಏನೂ ಆಗಲ್ಲ' ಅಂತ ಪ್ಯಾಕೆಟ್ ಮಾಡಿ ಕೊಡುತ್ತೀರಿ. ಔಡಲ ಬೀಜದ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಸರಿಯಾಗಿ ಬಿಸಿ ಮಾಡಿ ತೆಗೆಯದಿದ್ದರೆ ಅದು ನಾಯಿಗೆ ವಿಷವೇ. ಅದರ ವಾಸನೆ ನಾಯಿಗಳಿಗೆ ಇಷ್ಟ, ಹಾಗಾಗಿ ಕುಂಡ ಅಗೆದು ತಿನ್ನುತ್ತವೆ. ಮೋತಿ ಕುಂಡ ಯಾಕೆ ಅಗೆಯಿತು ಅಂತ ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಎರಡು ವಾರದ ಹಿಂದೆ ನಾನೇ ಅದಕ್ಕೆ ಒಂದು ಮುಷ್ಟಿ ಹಿಂಡಿ ಹಾಕಿದ್ದೆ.

ನನ್ನ ತಪ್ಪು ಇಲ್ಲವಾ? ಇದೆ. ಎಳೆ ನಾಯಿ ಇರುವ ಮನೆಯಲ್ಲಿ ಕುಂಡವನ್ನು ನೆಲದ ಮೇಲೆ ಇಟ್ಟೆ. ಶನಿವಾರ ರಾತ್ರಿಯೇ ಹೋಗಬೇಕಿತ್ತು, ಕುಂಡ ಸಮೇತ ಹೋಗಬೇಕಿತ್ತು. ಗಿಡ ತಂದ ದಿನ ಫೋನಿನಲ್ಲಿ ಒಂದು ಸಲ ಹುಡುಕಿ ನೋಡಿದ್ದರೆ ಸಿಗುತ್ತಿತ್ತು. ಅಮೆರಿಕದ ಎಎಸ್‌ಪಿಸಿಎ ಅನ್ನುವ ಪ್ರಾಣಿ ದಯಾ ಸಂಸ್ಥೆ ಯಾವ ಗಿಡ ನಾಯಿಗೆ, ಬೆಕ್ಕಿಗೆ, ಕುದುರೆಗೆ ವಿಷ ಅಂತ ದೊಡ್ಡ ಪಟ್ಟಿಯನ್ನೇ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಆದರೆ ಹುಡುಕುವವನಿಗೆ ಮೊದಲು ಹೆಸರು ಬೇಕಲ್ಲ. ನಾನು 'ಪಾಮ್' ಅಂತ ಹುಡುಕಿದ್ದರೆ 'ಸುರಕ್ಷಿತ' ಅಂತ ಓದಿ ನಿಶ್ಚಿಂತೆಯಿಂದ ಮಲಗುತ್ತಿದ್ದೆನೇನೋ.

ಅದಕ್ಕೇ ನಿಮ್ಮನ್ನು ಕೇಳುವುದು ಇಷ್ಟು. ಗಿಡದ ನಿಜವಾದ ಹೆಸರನ್ನು ಬಿಲ್ಲಿನಲ್ಲಿ ಬರೆಯಿರಿ, ಕುಂಡಕ್ಕೆ ಒಂದು ಚೀಟಿ ಕಟ್ಟಿ. ಕನ್ನಡದಲ್ಲಿ ಬರೆದರೆ ಸಾಕು, ಲ್ಯಾಟಿನ್ ಬೇಕಿಲ್ಲ. 'ಸೈಕಸ್' ಅಂತ ಮೂರು ಅಕ್ಷರ, ಪಾಮ್‌ಗಿಂತ ಒಂದೇ ಜಾಸ್ತಿ. ಜೀವಕ್ಕೇ ಅಪಾಯ ಇರುವ ಗಿಡಗಳಿಗೆ, ಅಂದರೆ ಸೈಕಸ್, ಎರಡೂ ಕಣಗಿಲೆ, ಅಡೇನಿಯಂ, ಬೆಕ್ಕಿನ ಮಟ್ಟಿಗೆ ಬೊಕೆಯ ಲಿಲ್ಲಿ ಮತ್ತು ಡೇ ಲಿಲ್ಲಿ, ಇವಕ್ಕೆ ಕೆಂಪು ಬಣ್ಣದ ಚೀಟಿ ಹಾಕಿ. ಗಿರಾಕಿ ಗಿಡ ಆರಿಸಿ ಕೈಯಲ್ಲಿ ಹಿಡಿದಾಗ ಒಂದು ಮಾತು ಕೇಳಿ: "ಮನ್ಯಾಗ ನಾಯಿ, ಬೆಕ್ಕು ಏನರೆ ಅದಾವೇನ್ರಿ?" ದಿನಾ ನೂರು ಸಲ "ಬಿಸಲಾಗ ಇಡ್ತೀರೋ, ನೆರಳಾಗ ಇಡ್ತೀರೋ" ಅಂತ ಕೇಳುತ್ತೀರಿ, ಅದರ ಹಿಂದೆಯೇ ಇದೂ ಒಂದು.

ಗಿರಾಕಿ ಹೆದರಿ ಹೋಗುತ್ತಾರೆ ಅಂತ ನೀವು ಹೇಳಬಹುದು. ಆ ಮಾಲೀಕರೂ ಅದನ್ನೇ ಅಂದರು. ನಮ್ಮ ರೈತರು ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ತರುವ ಅಂಗಡಿಗೆ ಹೋಗಿ ನೋಡಿ. ಪ್ರತಿ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು, ಯಾವುದಾದರೂ ಒಂದು ಗುರುತು ಇರುತ್ತದೆ, ಎಷ್ಟು ವಿಷ ಅಂತ ಹೇಳಲು. ಓದಲು ಬರದವರಿಗೂ ಕೆಂಪು ಅಂದರೆ ಏನು ಅಂತ ಗೊತ್ತು. ಕೆಂಪು ಗುರುತು ಇದೆ ಅಂತ ಮಾರಾಟ ನಿಂತಿಲ್ಲ, ಮನೆಗೆ ತಂದು ಮಾಡಿನ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತಾರೆ ಅಷ್ಟೇ. ನಾನೂ ಸೈಕಸ್ ಬೇಡವೇ ಬೇಡ ಅನ್ನುತ್ತಿರಲಿಲ್ಲ, ಟೆರೇಸಿನ ಮೇಲೆ ಇಡುತ್ತಿದ್ದೆ. ನಾಯಿ ಇದೆ ಅಂದವರಿಗೆ ನೀವು ಅರೆಕಾ ತೋರಿಸಬಹುದು, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ಗುಲಾಬಿ ತೋರಿಸಬಹುದು. ವ್ಯಾಪಾರ ಎಲ್ಲಿ ಹೋಯಿತು? ಅಲ್ವಾ?

ಕಟಿಂಗ್ ಮಾಡಿದ ಕಣಗಿಲೆ ಟೊಂಗೆಗಳನ್ನು ದಯವಿಟ್ಟು ರಸ್ತೆ ಬದಿ ರಾಶಿ ಹಾಕಬೇಡಿ. ನಮ್ಮ ಊರಲ್ಲಿ ಬೀದಿ ದನ ಎಷ್ಟಿವೆ ಅಂತ ಹೇಳಬೇಕಾಗಿಲ್ಲ. ಗುಂಡಿ ತೋಡಿ ಮುಚ್ಚಿ. ಸುಡಲೂಬೇಡಿ, ಆ ಹೊಗೆಯೂ ಒಳ್ಳೆಯದಲ್ಲ.

ಮತ್ತೆ, ಮನೆಗೆ ಒಯ್ದ ಮೇಲೆ ವಿಷ ಅಂತ ಗೊತ್ತಾಗಿ ಯಾರಾದರೂ ಗಿಡ ವಾಪಸ್ ತಂದರೆ ತೆಗೆದುಕೊಳ್ಳಿ. ದುಡ್ಡು ಕೊಡಬೇಡಿ, ಬದಲಿಗೆ ಒಂದು ಗುಲಾಬಿ ಕೊಡಿ. ಇಲ್ಲದಿದ್ದರೆ ಅವರು ಅದನ್ನು ಖಾಲಿ ಸೈಟಿನಲ್ಲಿ ಎಸೆಯುತ್ತಾರೆ, ಇನ್ನೊಂದು ನಾಯಿ ಹೋಗಿ ಕಡಿಯುತ್ತದೆ. ನನ್ನದು ಇನ್ನೂ ಟೆರೇಸಿನ ಮೇಲಿದೆ, ಬಾಗಿಲಿಗೆ ಚಿಲಕ. ಅರ್ಧ ಗಡ್ಡೆ ಹೋಗಿದ್ದರೂ ಶ್ರಾವಣದ ಮಳೆಗೆ ಚಿಗುರಿ ಐದು ಹೊಸ ಗರಿ ಬಿಟ್ಟಿದೆ.

ಇದನ್ನು ಓದುವ ನಾಯಿ-ಬೆಕ್ಕಿನ ಮನೆಯವರಿಗೆ ಎರಡು ಸಾಲು. ಏನಾದರೂ ಕಡಿದದ್ದು ಕಂಡರೆ ಕಾಯಬೇಡಿ. ಉಳಿದ ಎಲೆ, ಗಡ್ಡೆ, ವಾಂತಿಯಲ್ಲಿ ಬಂದದ್ದು, ಎಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿ. ಮನೆಯಲ್ಲಿ ಉಪ್ಪು ನೀರು, ಎಣ್ಣೆ ಕುಡಿಸುವ ಪ್ರಯೋಗ ಬೇಡ.

ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ. ಅಲ್ಲಿ ಗಿಡ ಮಾರಲು ಬರುವವರು ಅಷ್ಟರೊಳಗೆ ಕೆಂಪು ಚೀಟಿ ಶುರು ಮಾಡಿದರೆ ಧಾರವಾಡ, ಗದಗ, ಹಾವೇರಿಯಿಂದ ಬರುವ ಜನ ಒಂದೇ ಸಲಕ್ಕೆ ನೋಡುತ್ತಾರೆ. ಬರೆಯಲು ಆಳಿಲ್ಲ, ಟೈಮಿಲ್ಲ ಅನ್ನುವವರಿಗೆ ಒಂದು ದಾರಿ ಇದೆ. ಮಗಳು ಮತ್ತು ನಾನು ಕೂತು ನೂರು ಚೀಟಿ ಬರೆದಿದ್ದೇವೆ. ಕೆಂಪು ಕಾರ್ಡ್‌ಶೀಟು, ಕಪ್ಪು ಮಾರ್ಕರ್, ಮಳೆಗೆ ಹಾಳಾಗದ ಹಾಗೆ ಮೇಲೆ ಸೆಲ್ಲೋಟೇಪು. 'ಸೈಕಸ್. ನಾಯಿ, ಬೆಕ್ಕು, ಸಣ್ಣ ಮಕ್ಕಳಿಂದ ದೂರ ಇಡಿ' ಅಂತ ಇದೆ. ಕಣಗಿಲೆಗೆ ಬೇರೆ ಇದೆ, ಲಿಲ್ಲಿಗೆ ಬೇರೆ ಇದೆ. ಬರುವ ಭಾನುವಾರದಿಂದ ಒಬ್ಬೊಬ್ಬರ ಅಂಗಡಿಗೂ ತಂದು ಕೊಡುತ್ತೇನೆ. ಕಟ್ಟಲು ದಾರ ಮಾತ್ರ ನೀವು ಇಟ್ಟಿರಿ.

ಇಂತಿ,
ನಿಮ್ಮ ಗಿರಾಕಿ,
ಧಾರವಾಡ